ಮೂರು ಎಣಿಸುವಷ್ಟು ಹೊತ್ತು

ಜೂನ್ 16, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ. ಬೈದುಕೊಂಡಿರುತ್ತೀಯ, ಬೈದುಕೋ. ಕನ್ನಡಕದ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದು, ಆದರೆ ನಿನ್ನ ಹತ್ತಿರ ಸುಳ್ಳು ಯಾಕೆ? ಬರೆಯಲು ಮನಸ್ಸಿರಲಿಲ್ಲ. ಭಾವನ ಮಂಡಿನೋವು ಈಗ ಹೇಗಿದೆ?

ಇವರು ಭಾಷಣ ಕಲಿಸುವ ತರಗತಿಗೆ ಸೇರಿದ್ದು ನಿನಗೆ ಗೊತ್ತು. ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕರಾದ ಮೇಲೆ ಸೋಮವಾರದ ಮೀಟಿಂಗಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಬೆವತುಹೋಗುತ್ತಿದ್ದರು. ಕಂಪನಿಯೇ ಕಳಿಸಿತು. ಇವರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನದಿಂದ ಮಗುವಿನ ವಿಷಯಕ್ಕೆ ಇವರು ಬಾಯಿಗೆ ಬೀಗ ಹಾಕಿಕೊಂಡವರು. ಮಾತು ಕಲಿತರೆ ಆ ಒಂದು ಮಾತೂ ಹೊರಗೆ ಬಂದೀತು ಎಂದು ಕಾದೆ.

ಕಲಿತರು. ಎದುರಿನವರ ಕೊನೆಯ ಮಾತನ್ನು ತಿರುಗಿ ಹೇಳಬೇಕಂತೆ, ಆಗ ನಾವು ಕೇಳಿಸಿಕೊಂಡೆವು ಎಂದು ಅವರಿಗೆ ಅನಿಸುತ್ತದಂತೆ. ನಲ್ಲಿ ಸೋರುತ್ತಿದೆ ಎಂದರೆ, "ಅಂದ್ರೆ, ನಲ್ಲಿ ಸೋರ್ತಿದೆ ಅಂತಿದೀಯ" ಎಂದು ತಲೆಯಾಡಿಸುತ್ತಾರೆ. ನಲ್ಲಿ ಇವತ್ತಿಗೂ ಸೋರುತ್ತಿದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ನಿಜ ಕಣೇ. ಈಗ ಇವರ ಜೊತೆ ಜಗಳವಾಡುವುದಕ್ಕೂ ಆಗುವುದಿಲ್ಲ.

ಬೆಳಿಗ್ಗೆ ಬೀರುವಿನ ಕನ್ನಡಿಯ ಮುಂದೆ ಅಭ್ಯಾಸ. ಮುಖ್ಯವಾದ ಮಾತಿಗೆ ಮುಂಚೆ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕಂತೆ. ಇವರು ಪ್ಯಾಂಟಿನ ಹೊಲಿಗೆಯ ಮೇಲೆ ಬೆರಳು ಬಡಿದು ಎಣಿಸುತ್ತಾರೆ. ಕಥೆಯಲ್ಲಿ ಕಣ್ಣಿಗೆ ಕಟ್ಟುವಂಥ ಒಂದು ಸಣ್ಣ ವಿವರ ಇರಬೇಕು, ಇಲ್ಲದಿದ್ದರೆ ಸೇರಿಸಿಕೊಳ್ಳಿ, ಯಾರು ಬಂದು ನೋಡುತ್ತಾರೆ ಎಂದರಂತೆ ಅಲ್ಲಿನ ಮೇಷ್ಟ್ರು. ಇದನ್ನು ಇವರೇ ನಗುತ್ತ ಹೇಳಿದ್ದು.

ಕಳೆದ ಶನಿವಾರ ಕೊನೆಯ ದಿನದ ಸ್ಪರ್ಧೆ. ಮನೆಯವರೂ ಬರಬೇಕು ಎಂದಿದ್ದರು, ಹೋಗಿ ಮೂರನೇ ಸಾಲಿನಲ್ಲಿ ಕೂತೆ. "ನಾನು ಹತ್ತು ನಿಮಿಷ ಅಪ್ಪನಾಗಿದ್ದೆ" ಎಂದು ಇವರು ಶುರುಮಾಡಿದರು. ಅರವತ್ತು ಜನ ಉಸಿರು ಬಿಗಿಹಿಡಿದು ಕೇಳಿದರು. ನಾಲ್ಕು ವರ್ಷದಿಂದ ನನಗೆ ಸಿಗದ ಮಾತು ಅವರಿಗೆಲ್ಲ ಪುಕ್ಕಟೆ ಸಿಕ್ಕಿತು. ನನಗೆ ಹೊಟ್ಟೆ ಉರಿಯಿತು ಅಕ್ಕ. ಮೊದಲ ಬಹುಮಾನ ಇವರಿಗೇ ಬಂತು. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು, ಇಂಥ ಗಂಡ ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಎಂದಳು. ನಾನೂ ಚಪ್ಪಾಳೆ ತಟ್ಟಿದೆ. ಕಪ್ ಈಗ ಟಿವಿಯ ಪಕ್ಕದಲ್ಲಿದೆ, ಅದರ ಧೂಳು ಒರೆಸುವವಳೂ ನಾನೇ.

ಸಾಕು. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ ಹೇಳು. ದೊಡ್ಡವನಿಗೆ ಓದುವಾಗ ತಲೆನೋವು ಎಂದಿದ್ದೆಯಲ್ಲ, ಕಣ್ಣು ಪರೀಕ್ಷೆ ಮಾಡಿಸಿ ಚೀಟಿ ಕಳಿಸು, ಕನ್ನಡಕ ನಾನೇ ಮಾಡಿಕೊಡುತ್ತೇನೆ. ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ

ತಾ.ಕ.: ಇದೊಂದನ್ನು ಬರೆಯದೆ ಲಕೋಟೆ ಅಂಟಿಸಲು ಆಗಲಿಲ್ಲ. ಮಗುವನ್ನು ನಾನು ಜೀವಂತ ನೋಡಲಿಲ್ಲ, ನಿನಗೆ ಗೊತ್ತು. ನನಗೆ ಪ್ರಜ್ಞೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಕಣ್ಣು ಬಿಟ್ಟು ತಮ್ಮ ಕಿರುಬೆರಳು ಹಿಡಿದುಕೊಂಡಳು ಎಂದು ಇವರು ವೇದಿಕೆಯ ಮೇಲೆ ಹೇಳಿದರು. ನಡೆದದ್ದೋ, ಸೇರಿಸಿಕೊಂಡದ್ದೋ? ಮರುದಿನ ಬೆಳಿಗ್ಗೆ ಕೇಳಿಯೇಬಿಟ್ಟೆ. "ಅವಳು ನಿಜವಾಗ್ಲೂ ಕಣ್ಣು ಬಿಟ್ಟಿದ್ಳಾ?"

ಇವರು ನೇರವಾಗಿ ನನ್ನ ಕಣ್ಣನ್ನೇ ನೋಡಿದರು. ಪ್ಯಾಂಟಿನ ಹೊಲಿಗೆಯ ಮೇಲೆ ಬೆರಳು ಮೂರು ಸಲ ಆಡಿತು. ಆಮೇಲೆ ತಲೆಯಾಡಿಸುತ್ತ, "ಅಂದ್ರೆ, ಅವಳು ಕಣ್ಣು ಬಿಟ್ಟಿದ್ಳಾ ಅಂತ ಕೇಳ್ತಿದೀಯ" ಎಂದರು.