ಅಂಚಿಲ್ಲದ ಬಿಳಿ ಸೀರೆ

ಪ್ರೀತಿಯ ಚಿಗವ್ವ,

ಬೋರ್ಡಿಂಗ್ ಶಾಲೆಯ ರಜೆಗೆ ಬೆಟಗೇರಿಗೆ ಬಂದಾಗಲೆಲ್ಲ ನಾನು ನಿನ್ನ ಪಕ್ಕ ಕುಳಿತು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುತ್ತಿದ್ದೆ, ನೆನಪಿದೆಯೇ? ಮಗ್ಗಕ್ಕೆ ಬೇಕಾದ ನೂಲನ್ನು ರಾಟಿಯಲ್ಲಿ ಸುತ್ತುತ್ತ, ಒಂದು ಶಬ್ದವೂ ತಿಳಿಯದೆ, ನೀನು ನಡುನಡುವೆ "ಹೂಂ, ಮುಂದ?" ಎನ್ನುತ್ತಿದ್ದೆ. ಕನ್ನಡವಾಗಲಿ ಇಂಗ್ಲಿಷಾಗಲಿ ನಿನಗೆ ಓದಲು ಬರುತ್ತಿರಲಿಲ್ಲ. ಜೀವ ಹೋದ ಮೇಲೆ ಎಲ್ಲ ಅಕ್ಷರಗಳೂ ತಾವಾಗಿಯೇ ಬರುತ್ತವೆ ಎಂದು ನಂಬಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಎಲ್ಲರಿಗಿಂತ ನಾನು ಚೆನ್ನಾಗಿದ್ದೇನೆ, ಅದೇ ನನಗೆ ಚುಚ್ಚುತ್ತಿರುವುದು. ನೀನು ಹೋಗಿ ಇನ್ನೂ ಒಂದು ಹಂಗಾಮು ಕಳೆದಿಲ್ಲ, ನಾನು ಬೆಳಿಗ್ಗೆ ಎದ್ದು ಹಾಡು ಗುನುಗುತ್ತೇನೆ. ಅರ್ಧ ಗುನುಗಿದ ಮೇಲೆ ನೀನು ನೆನಪಾಗುತ್ತೀಯ. ಆಮೇಲೆ ಆ ಹಾಡು...

ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದೆಂದು ನನ್ನನ್ನು ತವರಿಗೆ ಕಳಿಸಿದಾಗ ಇಡೀ ತಿಂಗಳು ನಿನ್ನ ತಲೆ ತಿಂದೆ. ಇವರು ಗದಗಿನ ಹತ್ತಿ ಗಿರಣಿಯ ಆಫೀಸಿಗೆ ಕೋಟು ಹಾಕಿಕೊಂಡು ಹೊರಟರೆ ಎಷ್ಟು ಚಂದ ಕಾಣುತ್ತಾರೆ, ಇವರಿಗೆ ಬದನೆಕಾಯಿ ಎಣ್ಣೆಗಾಯಿ ಎಷ್ಟು ಸೇರುತ್ತದೆ, ಸ್ವಾತಂತ್ರ್ಯ ಬಂದಾಗ ಊರು ಬಿಟ್ಟ ಗಿರಣಿಯ ಸಾಹೇಬ ಮೂಲೆಗೆ ಒಗೆದು ಹೋದ ಪುಟ್ಟ ಪ್ರೊಜೆಕ್ಟರನ್ನು ಇವರು ಹೇಗೆ ಬಿಚ್ಚಿ ಜೋಡಿಸಿ ಓಡಿಸಿದರು, ಎಲ್ಲ ಹೇಳಿದೆ. ನಮ್ಮ ಮದುವೆಯಲ್ಲಿ ಇವರ ಮುಂಬಯಿಯ ಗೆಳೆಯ ಸಣ್ಣ ಕ್ಯಾಮರಾ ಹಿಡಿದು ಓಡಾಡುತ್ತಿದ್ದನಲ್ಲ, ಅವನು ತೆಗೆದದ್ದು ಓಡಾಡುವ ಚಿತ್ರ, ಅದರ ರೀಲು ತೊಳೆಯಲು ಮುಂಬಯಿಗೆ ಹೋಗಿದೆ, ಬಂದ ಮೇಲೆ ನಮ್ಮ ಪಡಸಾಲೆಯೇ ಥಿಯೇಟರು ಎಂದೆ. ನೀನು ರಾಟಿ ನಿಲ್ಲಿಸಿದೆ.

"ಅದರಾಗ ನೀ ನಡದಾಡ್ತಿಯೇನು ಸರೂ?"

"ನಡದಾಡ್ತೀನಿ, ನಗತೀನಿ, ಎಲ್ಲಾ ಮಾಡ್ತೀನಿ."

"ನಗೂದು ಬ್ಯಾಡಾಗಿತ್ತು. ಮದಿವಿ ದಿನಾ ಹುಡುಗಿ ತಲಿ ತಗ್ಗಿಸಿ ಕುಂಡ್ರಬೇಕು."

"ರೀಲ್ ಬರ್ಲಿ, ಟಾಂಗಾ ಕಳಸ್ತೀನಿ. ನೀನಽ ಬಂದು ನೋಡು, ನಕ್ಕೀನೋ ಇಲ್ಲೋ."

"ನೋಡೂಣು," ಎಂದು ನೀನು ಮತ್ತೆ ರಾಟಿ ತಿರುಗಿಸಿದೆ. ಬೆಟಗೇರಿಗೂ ಗದಗಿಗೂ ನಡುವೆ ಏನು ಮಹಾ ದೂರ, ಚಿಗವ್ವ? ಕುದುರೆ ಬೆವರುವ ಮೊದಲೇ ಊರು ಬಂದಿರುತ್ತದೆ. ಆದರೆ ರೀಲು ಬಂದದ್ದು ದಸರೆಗೆ. ನೀನು ಭಾದ್ರಪದದ ಜ್ವರದಲ್ಲೇ ಹೊರಟುಬಿಟ್ಟಿದ್ದೆ.

ರೀಲಿನ ಡಬ್ಬಿ ಬಿಚ್ಚಿದ ದಿನ, ಚಿತ್ರ ಬೀಳಲು ಒಂದು ಪರದೆ ಬೇಕು ಎಂಬುದು ನಮಗಿಬ್ಬರಿಗೂ ಹೊಳೆಯಿತು. ನಗಬೇಡ. ಮುಂಬಯಿಯಲ್ಲಿ ಗಾಜಿನ ಪುಡಿ ಹಚ್ಚಿದ ಥಳಥಳಿಸುವ ಪರದೆ ಸಿಗುತ್ತದಂತೆ. ಗೆಳೆಯ ಬರೆದ ಬೆಲೆ ಓದಿ ಇವರು ಕಾಗದ ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡರು, ಮತ್ತೆ ತೆಗೆಯಲಿಲ್ಲ. ಮೊದಲು ಗೋಡೆಗೆ ಸುಣ್ಣ ಬಳಿಸಿ ಅದರ ಮೇಲೆ ಬಿಟ್ಟೆವು. ರೀಲು ಸವೆದೀತೆಂದು ಇವರು ಪ್ರತಿ ಸಲವೂ ಮೊದಲ ತುಂಡನ್ನು ಮಾತ್ರ ಓಡಿಸುತ್ತಿದ್ದರು, ಮದುಮಗ ಟಾಂಗಾದಿಂದ ಇಳಿಯುವಷ್ಟು. ಮಣ್ಣಿನ ಗೋಡೆ ನಡುವೆ ಹೊಟ್ಟೆ ಬಂದಿದೆ ಎಂದು ಆಗಲೇ ಗೊತ್ತಾಗಿದ್ದು. "ವೈನಿ, ಅಣ್ಣನ ಮೂಗು ಆನಿ ಸೊಂಡ್ಲಿ ಆಗೇತಿ," ಎಂದು ನಾದಿನಿ ಗಂಗು ನೆಲದ ಮೇಲೆ ಹೊರಳಾಡಿ ನಕ್ಕಳು. ಆಮೇಲೆ ಗಿರಣಿಯ ಒರಟು, ಮಾಸಲು ಮಾಂಜರಪಾಟ ಬಟ್ಟೆ ತಂದೆವು. ಅದರ ಅಗಲ ಸಾಲದೆ ಎರಡು ತುಂಡು ಸೇರಿಸಿ ಹೊಲಿದರೆ ಹೊಲಿಗೆ ಎಲ್ಲರ ಮುಖದ ಮೇಲೇ ಹಾಯ್ದುಹೋಯಿತು, ಬಟ್ಟೆಯ ಬಣ್ಣಕ್ಕೆ ಬೀಗರೆಲ್ಲ ಕಾಮಾಲೆ ಹಿಡಿದವರಂತೆ ಕಂಡರು. ಇವರ ಧೋತರ ಕಟ್ಟಿದೆವು. ಅದಕ್ಕೆ ಮೇಲೂ ಕೆಳಗೂ ಕೆಂಪು ಅಂಚು. ನಮ್ಮ ಬೆಟಗೇರಿಯವರು ಅಂಚಿಲ್ಲದೆ ಏನನ್ನಾದರೂ ನೇಯುತ್ತಾರೆಯೇ? ಪಂಚೆಗೆ ಅಂಚು, ಟವೆಲಿಗೆ ಅಂಚು, ಕೂಸಿನ ಕುಂಚಿಗೆಗೂ ಅಂಚು. ಅಗಲವಾದ, ಹೊಲಿಗೆಯಿಲ್ಲದ, ಅಂಚಿಲ್ಲದ ಬಿಳಿ ಬಟ್ಟೆ ಊರಲ್ಲಿ ಒಂದೇ ಬಗೆಯದು ಇರುವುದು. ಅದನ್ನು ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾವನವರು ತೀರಿಕೊಂಡಂದಿನಿಂದ ನಮ್ಮ ಅತ್ತೆಯವರು ಉಡುವುದೂ ನೀನು ಉಡುತ್ತಿದ್ದಂಥ ಸೀರೆಯೇ. ಹಿತ್ತಲಿನ ಹಗ್ಗದ ಮೇಲೆ ಅದು ದಿನವೂ ನಮ್ಮ ಕಣ್ಣ ಮುಂದೆ ಒಣಗುತ್ತಿತ್ತು. ಹೊಸ ಮದುವೆಯ ಮನೆಯಲ್ಲಿ ಅದನ್ನು ಕೇಳುವುದೆಂದರೆ...

ಈ ಸಲ ದೀಪಾವಳಿಯೂ ಏಕೀಕರಣವೂ ಜೊತೆಜೊತೆಗೇ ಬಂದವು, ಚಿಗವ್ವ. ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿದ್ದರಿಂದ ನಾವಿಬ್ಬರೂ ಬೆಟಗೇರಿಯಲ್ಲಿದ್ದೆವು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದ. ನಿನ್ನನ್ನು ಕೊಟ್ಟಿದ್ದ ಲಕ್ಷ್ಮೇಶ್ವರ ಒಂದು ಕಾಲಕ್ಕೆ ಮೀರಜ ಸಂಸ್ಥಾನಕ್ಕೆ ಸೇರಿತ್ತಲ್ಲ, "ನಾ ಬ್ಯಾರೆ ರಾಜಾನ ರಾಜ್ಯದಿಂದ ಹೊಳ್ಳಿ ಬಂದಾಕಿ" ಎಂದು ನೀನು ಹೇಳಿಕೊಂಡು ನಗುತ್ತಿದ್ದೆ. ಈಗ ನಿನ್ನ ಮೀರಜವೂ ಇಲ್ಲ, ನಮ್ಮ ಮುಂಬಯಿ ಪ್ರಾಂತವೂ ಇಲ್ಲ, ಎಲ್ಲರೂ ಒಂದೇ ರಾಜ್ಯದವರು. ನೀನಿದ್ದರೆ "ಹಂಗಾರ ನಾ ಎಲ್ಲಿಂದ ಹೊಳ್ಳಿ ಬಂದಂಗಾತು?" ಎಂದು ಕೇಳುತ್ತಿದ್ದೆ.

ಪೇಢೆ ಹಂಚಿ ಮುಗಿದ ಮಧ್ಯಾಹ್ನ ಅವ್ವ ನನ್ನನ್ನು ಒಳಗೆ ಕರೆದು ನಿನ್ನ ಟ್ರಂಕು ತೆರೆದಳು. ನಿನ್ನ ಅರಿವೆಗಳನ್ನೆಲ್ಲ ಆಗಲೇ ಕೊಟ್ಟುಬಿಟ್ಟಿದ್ದರು. ಒಂದೇ ಸೀರೆ ಉಳಿದಿತ್ತು. "ಇದನ್ನೊಂದು ತೆಗದಿಟ್ಟೇನಿ. ನಿನ್ನ ಎತ್ತಿ ಆಡಿಸಿದಾಕಿ. ನೆನಪಿಗೆ ಇರ್ಲಿ, ತಗೋ," ಎಂದು ತಂಗಿಯ ಸೀರೆಯನ್ನು ನನ್ನ ಮಡಿಲಿಗೆ ಹಾಕಿ ಅತ್ತಳು. ನಾನೂ ಅತ್ತೆ, ಸುಳ್ಳಲ್ಲ. ಆದರೆ ಅಳುತ್ತಳುತ್ತಲೇ ಮಡಿಕೆ ಬಿಚ್ಚಿ ಎರಡೂ ಕೈ ಚಾಚಿ ಅದನ್ನು ಹಿಡಿದೆ. ಎದೆಗೆ ಅಪ್ಪಿಕೊಳ್ಳುತ್ತಿದ್ದೇನೆ ಎಂದುಕೊಂಡಳು ಅವ್ವ. ನಾನು ಅಗಲ ಅಳೆಯುತ್ತಿದ್ದೆ. ಸರಿಹೋಗುತ್ತದೆ, ಅಡ್ಡ ಕಟ್ಟಿದರೆ ಇಡೀ ಚಿತ್ರ ಹಿಡಿಸುತ್ತದೆ ಎಂದು ನನ್ನ ತಲೆ ಹೇಳುತ್ತಿತ್ತು. ನಿನ್ನ ಸೀರೆ ಕೈಯಲ್ಲಿ ಹಿಡಿದು ನಿನ್ನ ನೆನಪಾಗುವ ಮೊದಲು ನನಗೆ ಪರದೆ ನೆನಪಾಯಿತು. ಇದನ್ನು ಇವರಿಗೂ ಹೇಳಿಲ್ಲ. ನಿನಗಲ್ಲದೆ ಯಾರಿಗೆ ಹೇಳಲಿ?

ಗದಗಿಗೆ ಮರಳಿದ ದಿನವೇ ಪಡಸಾಲೆಗೂ ನಡುಮನೆಗೂ ನಡುವಿನ ಕಮಾನಿಗೆ ಹಗ್ಗ ಕಟ್ಟಿ ನಿನ್ನ ಸೀರೆಯನ್ನು ಬಿಗಿದೆವು. ಎಷ್ಟು ಬೆಳ್ಳಗೆ, ಎಷ್ಟು ಸಪಾಟು. ಇವರು ಹಿಂದೆ ಸರಿದು ನೋಡಿ, "ಮುಂಬಯಿ ಪರದಿ ಇದರ ಮುಂದ ಏನೂ ಅಲ್ಲ," ಎಂದರು. ಅತ್ತೆಯವರು ಬಂದು ಸೀರೆಯ ತುದಿಯನ್ನು ಬೆರಳುಗಳ ನಡುವೆ ಹಿಡಿದು ಕೇಳಿದರು.

"ಎಲ್ಲಿ ತಂದಿ ಇದನ್ನ?"

"ಬೆಟಗೇರಿ ಅಂಗಡ್ಯಾಗ್ರಿ. ಹೊಸಾದು."

ಬಾಯಿಂದ ಬಿದ್ದೇಹೋಯಿತು. ಸತ್ತವಳ ಸೀರೆ, ಅದೂ ಗಂಡನಿಲ್ಲದವಳದು, ಅದರ ಮೇಲೆ ಮಗನ ಮದುವೆ ಬೀಳುತ್ತದೆ ಎಂದರೆ ಯಾವ ತಾಯಿ ಸುಮ್ಮನಿರುತ್ತಾಳೆ ಎಂದು ಹೆದರಿದೆ. ಹೆದರಿ, ನಿನ್ನನ್ನು ಅಂಗಡಿಯ ಬಟ್ಟೆ ಮಾಡಿದೆ. ಅತ್ತೆಯವರು "ಹೂಂ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಸಂಜೆ ದೀಪ ಹಚ್ಚಿದ ಮೇಲೆ ಕಿಟಕಿ ಮುಚ್ಚಿ ರೀಲು ಪೂರ್ತಿ ಓಡಿಸಿದೆವು. ಮುಂದೆ ಬನ್ನಿರೆಂದು ಕರೆದರೆ ಅತ್ತೆಯವರು ಬರಲಿಲ್ಲ. "ಮದಿವಿ ಚಿತ್ರಕ್ಕ ನಾ ಯಾಕ ಮುಂದ ಕುಂಡ್ರಲಿ? ಇಲ್ಲೇ ಬತ್ತಿ ಹೊಸೀತೀನಿ, ನೀವು ನೋಡ್ರಿ," ಎಂದು ಪರದೆಯ ಆಚೆ ನಡುಮನೆಯಲ್ಲೇ ಕುಳಿತರು. ಚಿತ್ರದಲ್ಲಿ ಎಲ್ಲರೂ ಇದ್ದರು, ಚಿಗವ್ವ. ಬೆವರು ಒರೆಸಿಕೊಳ್ಳುವ ಅಪ್ಪ, ಮೂಗುತಿ ಸರಿಮಾಡಿಕೊಳ್ಳುವ ಅವ್ವ, ಬಾಜಾದವರು, ಹಂದರದ ಕೆಳಗೆ ಮಲಗಿದ್ದ ನಾಯಿ ಕೂಡ. ನಾನು ನಿನ್ನನ್ನು ಹುಡುಕಿದೆ. ನೀನು ಎಲ್ಲಿಯೂ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿರಬೇಕಿತ್ತು, ಗಂಡನಿಲ್ಲದವರು ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಮುಂದೆ ಬರುವುದಿಲ್ಲವಲ್ಲ. ನಾನು ಬೆಚ್ಚಿದ್ದು ಅದಕ್ಕಲ್ಲ. ಆ ದಿನ ನೀನು ಎಲ್ಲಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ, ನೆನಪೇ ಆಗಲಿಲ್ಲ. ಬೆಳಿಗ್ಗೆ ನನ್ನ ಜಡೆ ಹೆಣೆದವಳು ನೀನು. ಆಮೇಲೆ? ನಾನು ಒಮ್ಮೆಯಾದರೂ ತಿರುಗಿ ನೋಡಿದೆನೇ? ನಡುವೆ ನಿನ್ನ ಸೀರೆ ಒಂದು ಕಡೆ ಸವೆದಿತ್ತು, ಅಲ್ಲಿ ಬೆಳಕು ನಿಲ್ಲದೆ ಹಾಯ್ದುಹೋಗುತ್ತಿತ್ತು. ತಾಳಿ ಕಟ್ಟುವ ಹೊತ್ತಿಗೆ ನನ್ನ ಮುಖ ಸರಿಯಾಗಿ ಅಲ್ಲಿಗೇ ಬಂದು ಮಬ್ಬಾಯಿತು. ಅದೇ ನ್ಯಾಯ ಎನಿಸಿತು.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅತ್ತೆಯವರು ಒಲೆಯ ಮುಂದೆ ಕುಳಿತರು.

"ನಿನ್ನಿ ನಿಮ್ಮ ಚಿತ್ರದಾಗ ಎಲ್ಲಾರೂ ಎಡಗೈಲೆ ಅಕ್ಕಿಕಾಳ ಒಗದ್ರಲ್ಲ," ಎಂದರು.

"ಇಲ್ರಿ, ಬಲಗೈಲೇ ಒಗದಾರ."

"ಮುಂದ ಕುಂತಾವ್ರಿಗೆ ಬಲಗೈ. ಅರಿವ್ಯಾಗ ಹಾದು ಬಂದದ್ದನ್ನ ಹಿಂದಿನಿಂದ ನೋಡಿದ್ರ ಎಲ್ಲಾ ಉಲ್ಟಾ." ಬೆಂಕಿ ಸರಿಮಾಡಿದರು. "ನಡಕ್ಕ ಒಂದ ಕಡೆ ಬೆಳಕು ಪಾರಾಗಿ ನನ್ನ ಮಾರಿಗೆ ಬಡೀತಿತ್ತು. ಹೊಸಾ ಸೀರಿ ಹಂಗ ಸವದಿರತೈತೇನು?"

ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು.

"ಅದು ಎಲಿ ಅಡಿಕಿ ಸಂಚಿ ಸಿಗಿಸೂ ಜಾಗಾ," ಎಂದು ತಮ್ಮ ಸೊಂಟ ಮುಟ್ಟಿ ತೋರಿಸಿದರು. "ನಂದೂ ಅಲ್ಲೇ ಸವದೈತಿ."

"ನಮ್ಮ ಚಿಗವ್ವನ ಸೀರಿರಿ," ಎಂದೆ. "ಅಪಶಕುನ ಅಂತೀರಂತ ಅಂಜಿ..."

"ಇಂಗ್ಲಿಷ್ ಸಾಲಿ ಕಲ್ತ ಇದನ್ನ ಕಲ್ತಿ ನೋಡು. ದಿನಾ ಮುಂಜಾನೆದ್ದು ನನ್ನ ಮಾರಿ ನೋಡ್ತಿ. ಅದು ಅಪಶಕುನಲ್ಲ, ಸೀರಿ ಅಷ್ಟ ಅಪಶಕುನೇನು? ನಂದು ಹಗ್ಗದ ಮ್ಯಾಲೆ ಒಣಗತಿತ್ತು, ಕೇಳಾಕ ಬಾಯಿ ಇರ್ಲಿಲ್ಲ?" ನಾನು ಅಳತೊಡಗಿದ್ದನ್ನು ನೋಡಿ ಅವರ ದನಿ ಇಳಿಯಿತು. "ಆ ಸೀರಿ ನನಗ ಗೊತ್ತಿದ್ದದ್ದಽ. ಮದಿವಿ ದಿನಾ ಅಕಿ ಅದನ್ನಽ ಉಟ್ಟಿದ್ಲು. ನಾನೂ ಅಕಿನೂ ಒಂದಽ ಕ್ವಾಣ್ಯಾಗ ಕುಂತಿದ್ವಿ. ನಿನಗ್ಯಾರೂ ಹೇಳಿಲ್ಲೇನು?"

ಯಾರೂ ಹೇಳಿರಲಿಲ್ಲ. ನೀನೂ ಹೇಳಲಿಲ್ಲ. ಇಡೀ ಆಷಾಢ ನಾನೇ ಮಾತಾಡುತ್ತಿದ್ದೆ, ನೀನು ಯಾವಾಗ ಹೇಳುತ್ತಿದ್ದೆ?

"ನಿಮ್ಮನಿ ನೂಲಿನ ಕ್ವಾಣಿ," ಎಂದರು ಅತ್ತೆಯವರು. "ಬಾಗಲಕ್ಕ ಕಂಬಳಿ ಇಳಿಬಿಟ್ಟಿದ್ರು. ಅದರಾಗ ಒಂದ ತೂತಿತ್ತು. ಒಮ್ಮೆ ಅಕಿ ನೋಡಾಕಿ, ಒಮ್ಮೆ ನಾನು, ಪಾಳಿ ಹಚ್ಚಿದ್ವಿ. ಸಂಚಿ ಬಿಚ್ಚಿ ಎಲಿ ಮಡಿಚಿ ಕೊಟ್ಲು. ಸರಿಯಾಗಿ ತಾಳಿ ಕಟ್ಟೂ ಹೊತ್ತಿಗೆ ಪಾಳಿ ಅಕೀದು ಬಂತು. ನನಗ ಬಿಟ್ಟಕೊಟ್ಲು. 'ನಿಮ್ಮ ಮಗಾ, ನೀವು ನೋಡ್ರಿ' ಅಂದ್ಲು. 'ನಿನ್ನ ಮಗಳಲ್ಲೇನವಾ' ಅಂದೆ. 'ಸರೂ ಹೆಂಗ ಕುಂತಿರ್ತಾಳ ನೋಡದಽ ಗೊತ್ತೈತಿ ನನಗ. ನಕ್ಕೋತ ಕುಂತಿರ್ತಾಳ' ಅಂದ್ಲು."

ರೊಟ್ಟಿ ಹೊತ್ತಿತು. ಇಬ್ಬರೂ ಅದನ್ನು ತೆಗೆಯಲಿಲ್ಲ. ಅವರು ಎದ್ದು ಹಿತ್ತಲಿಗೆ ಹೋಗಿ ಹಗ್ಗದಿಂದ ತಮ್ಮ ಒಣಗಿದ ಸೀರೆ ತಂದು ನನ್ನ ಮುಂದಿಟ್ಟರು. "ಅಕೀ ಸೀರಿ ಹಿಂದ ಇದನ್ನ ಕಟ್ಟು. ಬೆಳಕು ಪಾರಾಗೂದಿಲ್ಲ, ನಿನ್ನ ಮಾರಿ ಮಬ್ಬಾಗೂದಿಲ್ಲ." ಬಾಗಿಲವರೆಗೆ ಹೋಗಿ ತಿರುಗಿದರು. "ಎರಡು ಸೀರಿ ಕಟ್ಟಿದ ಮ್ಯಾಲೆ ಹಿಂದ ಕುಂತ್ರ ಏನೂ ಕಾಣಂಗಿಲ್ಲ. ಇನ್ನ ನಾನೂ ಮುಂದಽ ಬರಬೇಕಾತು."

ಬರುವ ಭಾನುವಾರ, ಚಿಗವ್ವ, ನಿನಗೆ ಕಳಿಸುತ್ತೇನೆಂದ ಟಾಂಗಾವನ್ನು ಅವ್ವನಿಗೆ ಕಳಿಸುತ್ತೇನೆ. ಅವ್ವನನ್ನು ಪರದೆಯ ಮುಂದೆ ಕೂರಿಸಿ, ದೀಪಾವಳಿಯ ಮಧ್ಯಾಹ್ನ ನಿನ್ನ ಸೀರೆ ಹಿಡಿದು ನಾನು ಏನು ಅಳೆಯುತ್ತಿದ್ದೆ ಎಂಬುದನ್ನೂ ಹೇಳುತ್ತೇನೆ. ಬೈದರೆ ಬೈಯಲಿ. ಮುಂಬಯಿಯ ಗೆಳೆಯ ಸಂಕ್ರಾಂತಿಗೆ ಕ್ಯಾಮರಾ ತರುತ್ತಾನಂತೆ. ಮೊದಲು ಅತ್ತೆಯವರನ್ನು ತೆಗೆಯಬೇಕು ಎಂದು ಇವರಿಗೆ ಹೇಳಿದ್ದೇನೆ. ನಿನ್ನನ್ನು ತೆಗೆಯಲು...

ನಿನ್ನೆ ಸಂಜೆ ಎರಡೂ ಸೀರೆ ಸೇರಿಸಿ ಕಟ್ಟಿದೆವು, ಮುಂದೆ ನಿನ್ನದು, ಹಿಂದೆ ಅವರದು. ಅತ್ತೆಯವರು ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕುಳಿತರು. ಬೀಗರನ್ನು ಒಬ್ಬೊಬ್ಬರನ್ನಾಗಿ ಗುರುತಿಸಿದರು, ನಾಯಿಯನ್ನು ನೋಡಿ ನಕ್ಕರು. ತಾಳಿ ಕಟ್ಟುವುದು ಬರುತ್ತಿದ್ದಂತೆ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದರು.

"ಅವ್ವಾ, ಈಗಽ ನೋಡಬೇಕು, ತಾಳಿ ಕಟ್ಟಾಕತ್ತಾನ," ಎಂದಳು ಗಂಗು.

"ನಾ ಒಮ್ಮೆ ನೋಡೇನಿ," ಎಂದರು ಅತ್ತೆಯವರು ತಲೆ ಎತ್ತದೆ. "ಇದು ಅಕೀ ಪಾಳಿ."

ನೋಡಿದೆಯಾ ಚಿಗವ್ವ? ಮುಖ ಮಬ್ಬಾಗಲಿಲ್ಲ. ನೀನು ಹೇಳಿದ್ದೇ ಖರೆ, ನಾನು ನಕ್ಕೋತ ಕುಂತಿದ್ದೆ.

ನಿನ್ನ ಸರೂ