ನಿಮ್ಮ ದೇಶ ಆರಿಸಿ

ರವಿವಾರ ಪೇಠ, ಪುಣೆ
೧೨ ನವೆಂಬರ್ ೨೦೦೬

ಮುದ್ದು ರೇಣೂ,

ಹೇಗಿದ್ದೀ ಮಗಳೇ? ಕಾಲಿನ ಬಾವು ಇಳಿದಿದೆಯೇ? ನಿನ್ನ ಪತ್ರ ದೀಪಾವಳಿಗೆ ಮೊದಲೇ ಬಂದಿತ್ತು. ಉತ್ತರ ಬರೆಯಲು ಇಷ್ಟು ತಡವಾಯಿತು, ಸಿಟ್ಟಾಗಬೇಡ. ಹಬ್ಬದ ಗಿರಾಕಿಗಳ ಗದ್ದಲ ಎಂದು ನೆಪ ಹೇಳಬಹುದು, ಆದರೆ ಹಬ್ಬ ಮುಗಿದೂ ದಿನಗಳಾದವು. ಒಂದೆರಡು ಸಲ ಬರೆಯಲು ಕೂತೆ. ಒಮ್ಮೆ ಒಲೆಯ ಮೇಲಿನ ಹಾಲು ನೆನಪಾಗಿ ಎದ್ದೆ, ಇನ್ನೊಮ್ಮೆ ಏನೂ ನೆನಪಾಗದೆಯೇ ಎದ್ದೆ. ಓದಲು ತೆಗೆದ ಕವಿತೆಯ ಪುಸ್ತಕವೂ ಅದೇ ಪುಟದಲ್ಲಿ ಬೋರಲು ಬಿದ್ದಿದೆ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಊಟ ಆಯಿತೇ, ಮಾತ್ರೆ ತಗೊಂಡೆಯಾ ಎಂದಷ್ಟೇ ಕೇಳಿ ಇಟ್ಟುಬಿಡುತ್ತೇನೆ.

ಬರುವ ತಿಂಗಳು ನಿನ್ನ ಕುಬಸ. ಇಂದಾಪುರದಲ್ಲಿ ಪೆಂಡಾಲಿಗೆ ಹೇಳಿದ್ದು, ಅಡಿಗೆಯವರನ್ನು ಗೊತ್ತು ಮಾಡಿದ್ದು, ಅಳಿಯ ಪ್ರಣವ ರಜೆ ಹಾಕಿದ್ದು ಎಲ್ಲ ಬರೆದಿದ್ದೀ. ತವರಿನಿಂದ ಹಸಿರು ಸೀರೆ, ಹಸಿರು ಬಳೆ, ರವಿಕೆಗೆ ಹಸಿರು ಖಣ ಬರಬೇಕು ಎಂದೂ ಬರೆದಿದ್ದೀ. ಆ ಖಣವನ್ನು ನಿನ್ನ ಉಡಿಯಲ್ಲಿ ಹಾಕುವವರು ಯಾರು ಎಂಬುದೊಂದನ್ನು ಬರೆದಿಲ್ಲ. ಅಪ್ಪಾಜಿ ಇದ್ದಿದ್ದರೆ ಅದು ಕೇಳುವ ಮಾತೇ ಅಲ್ಲ, ಬಸುರಿ ಮಗಳ ಉಡಿಯನ್ನು ತಾಯಿ ತುಂಬುತ್ತಾಳೆ. ಅವರು ಹೋಗಿ ಮೂರು ವರ್ಷವಾಯಿತು. ಗಂಡ ಇಲ್ಲದವಳು ಯಾರ ಉಡಿಯನ್ನೂ ತುಂಬಬಾರದು, ಅವಳ ಉಡಿಯನ್ನೂ ಯಾರೂ ತುಂಬುವುದಿಲ್ಲ. ಹಾಗಾಗಿ ಈಗ ಅದು ಕೇಳಬೇಕಾದ ಮಾತು. ಈ ಪತ್ರದ ಕೊನೆಯ ಹೊತ್ತಿಗೆ ಕೇಳಿಬಿಡುತ್ತೇನೆ ಎಂದುಕೊಂಡು ಶುರು ಮಾಡಿದ್ದೇನೆ.

ಮೊದಲು ನಮ್ಮ ಖಣದ ಅಂಗಡಿಯ ಸುದ್ದಿ. ಹೋದ ವರ್ಷ ಮಾಡಿಸಿದ ವೆಬ್‌ಸೈಟನ್ನು ನೀನು ನೋಡಿದ್ದೀಯಲ್ಲ, ಅಜ್ಜ ಹೊಳಬಸಪ್ಪನವರ ಫೋಟೋ ಹಾಕಿದ್ದು. ಅದನ್ನು ಮಾಡಿದ್ದು ಪುಣೆ, ಸಾತಾರಾ, ಸೋಲಾಪುರದ ಗಿರಾಕಿಗಳಿಗೆ. ಆದರೆ ಮಳೆಗಾಲದಿಂದ ಲೆಸ್ಟರ್, ಮೆಲ್ಬರ್ನ್ ಎಂದು ಹೊರಗಿನ ಆರ್ಡರುಗಳು ಬರತೊಡಗಿದವು. ನಿನ್ನ ಅವಧೂತ ಕಾಕಾನ ಉತ್ಸಾಹ ಕೇಳಬೇಡ. ಪರದೇಶದವರಿಗೆ ತಕ್ಕ ಹಾಗೆ ಸೈಟನ್ನು ತಿದ್ದಬೇಕೆಂದು ಸ್ವಪ್ನಿಲನನ್ನು ಮತ್ತೆ ಕರೆಸಿದ. ಅವನೇ, ಬೋಹರಿ ಆಳಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು, ನಮ್ಮಲ್ಲಿಗೆ ಬಂದರೆ ಮೊದಲು ಚಹಾ, ಆಮೇಲೆ ಮಾತು.

ತಿದ್ದಲು ಕೂತಾಗ ಗೊತ್ತಾಯಿತು, ನಾವು ಹೊರಗಿನವರಿಗೆ ತಿಳಿಯುವಂತೆ ಒಂದನ್ನೂ ಹೇಳಿರಲಿಲ್ಲ. ಅಳತೆ ಎಂಬಲ್ಲಿ ‘ಒಂದು ಖಣ’ ಎಂದು ಬರೆದು ಬಿಟ್ಟಿದ್ದೆವು. ಲೆಸ್ಟರಿನಾಕೆ ಇದು ಸೋಫಾದ ದಿಂಬಿಗೆ ಸಾಕಾಗುತ್ತದೆಯೇ ಎಂದು ಕೇಳಿದ್ದಳು. ಎಷ್ಟು ಇಂಚು ಎಂದು ಸ್ವಪ್ನಿಲ್ ಕೇಳಿದರೆ ಕಾಕಾನಿಗೆ ರೇಗಿತು.

“ಒಂದು ಖಣದಾಗ ಒಂದು ಕುಪ್ಪಸ ಆಗತದ. ಇದಕ್ಕ ಇಂಚ ಯಾಕ ಬೇಕು? ಅವ್ರ ಮೈ ಏನ್ ಬ್ಯಾರೆ ಅದ?”

ಬೇರೆಯೇ ಇದೆ ಅಣ್ಣಾ, ಅದಕ್ಕೇ ಕೇಳುತ್ತಿದ್ದೇನೆ ಎಂದು ಸ್ವಪ್ನಿಲ್ ಮರಾಠಿಯಲ್ಲಿ ಹೇಳಿದ. ಗಂಡನ ಸಿಟ್ಟಿಗೆ ನಗು ಬಂದು ನೀಲಿಮಾ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಬಣ್ಣಗಳ ಹೆಸರು ನನ್ನ ಪಾಲಿಗೆ ಬಂತು. ಗಿಳಿಯ ಹಸಿರು, ಎಲೆಯ ಹಸಿರು, ಮಾವಿನ ಚಿಗುರಿನ ಬಣ್ಣ, ಇವನ್ನೆಲ್ಲ ಇಂಗ್ಲಿಷಿಗೆ ತರುವ ಹೊತ್ತಿನಲ್ಲಿ ಮಾತ್ರ ನನ್ನ ಮನಸ್ಸು ಒಂದು ಕಡೆ ನಿಂತಿತ್ತು.

ಅಷ್ಟರಲ್ಲಿ ಮೆಲ್ಬರ್ನಿನ ಪಾರ್ಸೆಲ್ ಅಲ್ಲಿನ ಕಸ್ಟಮ್ಸಿನವರ ಕೈಗೆ ಸಿಕ್ಕಿತು. ನಮ್ಮ ಅಂಗಡಿಯಿಂದ ಖಣ ಬರಿದಾಗಿ ಹೊರಗೆ ಹೋಗುವುದಿಲ್ಲವಲ್ಲ. ಕಾಕು ಎಂದಿನಂತೆ ಮೂರು ಮೂಲೆ ಬರುವ ಹಾಗೆ ಮಡಚಿ, ಮಡಿಕೆಯೊಳಗೆ ನಾಲ್ಕು ಕಾಳು ಅಕ್ಕಿ, ಒಂದು ಅರಿಷಿಣ ಕೊಂಬು, ಒಂದು ಇಡೀ ಅಡಿಕೆ ಇಟ್ಟು ಕಳಿಸಿದ್ದಳು. ಆ ದೇಶದಲ್ಲಿ ಕಾಳು, ಬೇರು, ಬೀಜ ಒಳಗೆ ಬರುವ ಹಾಗಿಲ್ಲವಂತೆ. ಎಲ್ಲ ಕಿತ್ತು ಬಿಸಾಡಿ, ಖಣವನ್ನಷ್ಟೇ ಬಿಡಿಸಿ ಕೊಟ್ಟು, ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದು ಎಚ್ಚರಿಕೆ ಕೊಟ್ಟಿದ್ದಾರೆ. ಕೊಂಡಾಕೆ ಅದನ್ನು ಇಮೇಲಿನಲ್ಲಿ ನಮಗೆ ತಿಳಿಸಿದಳು.

“ನಾಕ ಕಾಳ ಅಕ್ಕಿಗೆ ಆ ದೇಶ ಮುಳುಗಿ ಹೋಗತದೇನ್ರಿ ಅಕ್ಕಾರ?” ಎಂದು ಕಾಕು ನನ್ನ ಹತ್ತಿರ ನ್ಯಾಯ ತಂದಳು. ಬರೀ ಖಣ ಕಳಿಸುವುದೆಂದರೆ ಅರಿವೆಯ ತುಂಡು ಕಳಿಸಿದ ಹಾಗೆ ಎಂದು ಅವಳ ವಾದ. ಕೊನೆಗೆ ಹೀಗೆ ತೀರ್ಮಾನವಾಯಿತು: ಹೊರದೇಶಕ್ಕೆ ಹೋಗುವ ಖಣ ಬರಿದೇ ಹೋಗಲಿ, ಅಕ್ಕಿ ಅರಿಷಿಣದ ಅರ್ಥವನ್ನು ಸೈಟಿನಲ್ಲಿ ಇಂಗ್ಲಿಷಿನಲ್ಲಿ ಹೇಳುವುದು. ಬರೆಯುವವಳು ನಾನು. ವೈನಿಯ ಎಂ.ಎ. ಕಡೆಗೂ ಅಂಗಡಿಗೆ ಉಪಯೋಗ ಬಂತು ಎಂದು ಕಾಕಾ ನಕ್ಕ.

ಖಣ ಎಂದರೇನು ಎಂಬುದು ಸಲೀಸಾಗಿ ಬಂತು. ಗುಳೇದಗುಡ್ಡದಲ್ಲಿ ನೇಯುವ ರವಿಕೆಯ ಬಟ್ಟೆ, ಮೈಯಲ್ಲಿ ಸಣ್ಣ ಹೂವು, ಎರಡೂ ಬದಿಗೆ ಅಂಚು. ಹೇಗೆ ಕೊಡುವುದು ಎಂಬುದೂ ಬಂತು. ಮನೆಗೆ ಬಂದ ಹೆಣ್ಣುಮಗಳು ಹೊರಡುವಾಗ ಸೆರಗು ಒಡ್ಡುತ್ತಾಳೆ, ಮನೆಯಾಕೆ ಅದರಲ್ಲಿ ಇದನ್ನಿಟ್ಟು, ನಿನ್ನ ಬಾಳು ತುಂಬಿರಲಿ ಎಂದು ಮನಸ್ಸಿನಲ್ಲಿ ಹರಸುತ್ತಾಳೆ. ಯಾರಿಗೆ ಕೊಡುವುದು ಎಂಬಲ್ಲಿ ನಾನು ನಿಂತೆ. ಹಳೆಯ ಸೈಟಿನಲ್ಲಿ ‘ಮುತ್ತೈದೆಯರಿಗೆ ಕೊಡುವ ಮಂಗಳ ವಸ್ತು’ ಎಂದಿತ್ತು. ಅದನ್ನು ಬರೆದವರು ನನ್ನನ್ನು ನೆನೆದು ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿದ್ದುದನ್ನು ಬರೆದಿದ್ದರು. ಆ ಸಾಲನ್ನು ಇಂಗ್ಲಿಷಿಗೆ ತರಲು ಎರಡು ನಿಮಿಷ ಸಾಕಿತ್ತು. ನಾನು ಎದ್ದು ಕಪಾಟಿನ ಖಣಗಳನ್ನೆಲ್ಲ ಇಳಿಸಿ ಮತ್ತೆ ಜೋಡಿಸಿದೆ.

ಆಗಲೇ ಮೆಲ್ಬರ್ನಿನಿಂದ ಇನ್ನೊಂದು ಇಮೇಲ್ ಬಂತು. ಕೊಂಡಾಕೆಯ ಹೆಸರು ಶೀತಲ್. ಸಾತಾರಾದ ಕಡೆಯವಳು, ತಾಯಿಯನ್ನು ಜೊತೆಗೆ ಇಟ್ಟುಕೊಂಡಿದ್ದಾಳೆ. ತಾಯಿಯ ಅರವತ್ತನೆಯ ಹುಟ್ಟುಹಬ್ಬಕ್ಕೆಂದೇ ಆ ಖಣ ತರಿಸಿದ್ದು. ತಾಯಿ ಅದನ್ನು ನೋಡಿ ಸಂತೋಷಪಟ್ಟು, ಕೆನ್ನೆಗೆ ಒತ್ತಿಕೊಂಡು, ಆಮೇಲೆ ಮಗಳಿಗೆ ಹಿಂದಕ್ಕೆ ಕೊಟ್ಟಳಂತೆ. ಆಕೆಗೂ ಗಂಡ ಇಲ್ಲ. ‘ನಿಮ್ಮ ಸೈಟಿನಲ್ಲೂ ಹಾಗೆಯೇ ಬರೆದಿದೆ. ನನಗೆ ಇದೆಲ್ಲ ಗೊತ್ತಿಲ್ಲ. ಅಮ್ಮನಿಗೆ ಇದನ್ನು ಕೊಡಬಾರದೇ?’ ಎಂದು ಕೇಳಿದ್ದಳು.

ನಾನು ಉತ್ತರ ಬರೆಯದೆ ಮುಂದೆ ಹಾಕುತ್ತ ಬಂದೆ. ಸ್ವಪ್ನಿಲ್ ಬರಹ ಎಲ್ಲಿ, ಬರಹ ಎಲ್ಲಿ ಎಂದು ಅವಸರ ಮಾಡುತ್ತಿದ್ದ. ಕೊನೆಗೆ ಇಮೇಲನ್ನು ಕಾಕಾನಿಗೆ ಓದಿ ಹೇಳಿದೆ. ಅವನು ಗಳಿಗೆಯೂ ಯೋಚಿಸಲಿಲ್ಲ.

“ಕೊಡಬಹುದು ಅಂತ ಬರೀರಿ ವೈನಿ. ಎಲ್ಲಾ ಹೆಣ್ಮಕ್ಕಳಿಗೂ ಕೊಡಬಹುದು ಅಂತ ಸೈಟಿನ್ಯಾಗೂ ಹಾಕ್ರಿ. ಹೊರಗಿನವ್ರಿಗೆ ಎಲ್ಲಾ ನಡೀತದ.”

ರೇಣು, ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಅಲ್ಲೇ ನಿಂತು ಬರೆದೆ. ತಾಯಿಗೆ, ಅಜ್ಜಿಗೆ, ಅಕ್ಕನಿಗೆ, ಗೆಳತಿಗೆ, ಮದುವೆಯಾದವಳಿಗೆ, ಆಗದವಳಿಗೆ, ಗಂಡನನ್ನು ಕಳೆದುಕೊಂಡವಳಿಗೆ. ಯಾರ ಬಾಳು ತುಂಬಿರಲಿ ಎಂದು ನೀವು ಬಯಸುತ್ತೀರೋ ಅವರಿಗೆ. ಒಂದಕ್ಷರ ತಿದ್ದದೆ ಸ್ವಪ್ನಿಲನಿಗೆ ಕೊಟ್ಟೆ. ಶೀತಲ್‌ಗೂ ಅದನ್ನೇ ಬರೆದೆ.

ವಾರ ಕಳೆದು ಅವನು ತಯಾರಾದ ಸೈಟನ್ನು ತೋರಿಸಲು ಬಂದ. ಈಗ ಅದನ್ನು ತೆರೆದ ಕೂಡಲೆ ‘ನಿಮ್ಮ ದೇಶ ಆರಿಸಿ’ ಎಂದು ಕೇಳುತ್ತದೆ. ಆರಿಸಿದ ದೇಶಕ್ಕೆ ತಕ್ಕ ಅಳತೆ, ಆ ದೇಶದ ದುಡ್ಡು, ಆ ದೇಶದ ಮಾತು. ಆಸ್ಟ್ರೇಲಿಯಾ ಒತ್ತಿದೆ, ನನ್ನ ಸಾಲುಗಳು ಬಂದವು. ಇಂಗ್ಲೆಂಡ್ ಒತ್ತಿದೆ, ಬಂದವು. ಭಾರತ ಒತ್ತಿದೆ. ‘ಮುತ್ತೈದೆಯರಿಗೆ ಕೊಡುವ ಮಂಗಳ ವಸ್ತು’ ಎಂದು ಬಂತು. ಎಲ್ಲೋ ತಪ್ಪಾಗಿದೆ ಎಂದು ಮತ್ತೆ ಆಸ್ಟ್ರೇಲಿಯಾ ಒತ್ತಿದೆ, ಮತ್ತೆ ಭಾರತ. ಹೀಗೆಯೇ ಒತ್ತುತ್ತ ಕೂತೆ. ಆ ಮೌಸ್‌ಗೂ ಸ್ವಲ್ಪ ವಿಶ್ರಾಂತಿ ಕೊಡಿ ಎಂದು ಸ್ವಪ್ನಿಲ್ ನನ್ನನ್ನು ನೋಡಿ ನಗೆಯಾಡಿದ. ತಪ್ಪಲ್ಲ, ಅವಧೂತ ಅಣ್ಣ ಹೇಳಿದ ಹಾಗೆಯೇ ಮಾಡಿದ್ದೇನೆ ಎಂದೂ ಹೇಳಿದ.

ನಾನು ಕಾಕಾನನ್ನು ಯಾವತ್ತೂ ಏನೂ ಕೇಳಿದವಳಲ್ಲ. ಅಂದು ಕೇಳಿದೆ. ಇಲ್ಲಿಯೂ ಅದೇ ಮಾತು ಇರಲಿ ಎಂದೆ. ಅವನು ಮೋರೆ ತಗ್ಗಿಸಿ ಮೀಟರುಕೋಲನ್ನು ಆಕಡೆ ಈಕಡೆ ಸರಿಸಿದ.

“ನಂದೇನೂ ಇಲ್ರಿ ವೈನಿ. ಆದ್ರ ಇಲ್ಲಿ ಖಣಾ ಒಯ್ಯೋರು ಲಗ್ನದವ್ರು, ಕುಬಸದವ್ರು. ಹಿಂಗ ಬರದದ್ದು ನೋಡಿದ್ರ ಶಾಸ್ತ್ರ ಗೊತ್ತಿಲ್ಲದ ಅಂಗಡಿ ಅಂದು ಹೋಗತಾರ. ಇಲ್ಲೀದು ಇದ್ದಂಗ ಇರಲಿ.”

ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಅಪ್ಪಾಜಿ ಹೋದ ಮೇಲೆ ನನ್ನನ್ನು ಮನೆಯಲ್ಲಿ ಕೂರಿಸದೆ ಅಂಗಡಿಗೆ ಕರೆದು ತಂದವನೂ ಅವನೇ. ಗಿರಾಕಿಗಳ ಮುಂದೆ ಕೂಡಿಸಲಿಲ್ಲ, ಒಳಗಿನ ಕೋಣೆಯಲ್ಲಿ ಕೂಡಿಸಿದ. ನೀಲಿಮಾ ಕಾಕು ಮಾತ್ರ ಆ ದಿನ ನಮ್ಮ ಮಾತು ಕೇಳಿ ಅಳುಮುಖ ಮಾಡಿಕೊಂಡು, ಮಡಚುತ್ತಿದ್ದ ಖಣವನ್ನು ಬಿಟ್ಟು ಎದ್ದು ಹೋದಳು. ಯಾಕೆ ಎಂದು ನನಗೆ ತಿಳಿಯಲಿಲ್ಲ.

ಮೆಲ್ಬರ್ನಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಶೀತಲ್ ಮತ್ತೆ ಬರೆದಳು. ನನ್ನ ಉತ್ತರವನ್ನು ತಾಯಿಗೆ ಮರಾಠಿಯಲ್ಲಿ ಹೇಳಿದಳಂತೆ. ತಾಯಿ ಪೂರ್ತಿ ಕೇಳಿ, ಚೆನ್ನಾಗಿ ಬರೆದಿದ್ದಾರೆ ಎಂದು, ಆಮೇಲೆ ಒಂದು ಪ್ರಶ್ನೆ ಕೇಳಿದಳಂತೆ: ಇದನ್ನು ಬರೆದಾಕೆ ಮುತ್ತೈದೆಯೋ? ಮುತ್ತೈದೆ ಕೊಡಬಹುದು ಅಂದರೆ ತೆಗೆದುಕೊಳ್ಳುತ್ತೇನೆ ಎಂದು ಅವಳ ಮಾತು.

ಹೌದು ಎಂದು ಬರೆದುಬಿಡಿ, ಅಲ್ಲಿಂದ ನೋಡಲು ಯಾರು ಬರುತ್ತಾರೆ ಎಂದ ಕಾಕಾ. ಅವನು ಒಳ್ಳೆಯದಕ್ಕೇ ಹೇಳಿದ. ಆ ತಾಯಿ ಖಣ ತೆಗೆದುಕೊಳ್ಳುತ್ತಿದ್ದಳು, ಮಗಳ ಮನಸ್ಸು ತಣ್ಣಗಾಗುತ್ತಿತ್ತು. ಹೌದು ಎಂದು ಬರೆದು ಅಳಿಸಿದೆ. ಕೊನೆಗೆ, ಅಲ್ಲ, ನನಗೂ ನಿಮ್ಮ ತಾಯಿಯಂತೆಯೇ ಆಗಿದೆ, ಆದರೂ ಕೊಡಿ ಎಂದೇ ಹೇಳುತ್ತೇನೆ ಎಂದು ಬರೆದೆ. ಅದಾದ ಮೇಲೆ ಅಲ್ಲಿಂದ ಉತ್ತರವಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಇಮೇಲ್ ನೋಡುತ್ತೇನೆ. ಊಟಕ್ಕೆ ಬಂದವಳು ಅರ್ಧಕ್ಕೆ ಎದ್ದು ಮತ್ತೆ ಹೋಗುತ್ತೇನೆ. ಯಾರೋ ಮುಖ ಕಾಣದವರ ಉತ್ತರಕ್ಕೆ ಇಷ್ಟು ಕಾಯುವುದೇಕೆ ಎಂದು ನನಗೇ ನಾಚಿಕೆಯಾಗುತ್ತದೆ.

ನಿನ್ನ ಹಸಿರು ಖಣ ಆರಿಸಿ ಇಟ್ಟಿದ್ದೇನೆ. ಮಾವಿನ ಎಲೆಯ ಬಣ್ಣ, ಕೆಂಪು ಅಂಚು. ಬಿಸಿಲಿಗೆ ಹಿಡಿದರೆ ಒಳಗಿನಿಂದ ಹಳದಿ ಹೊಳೆಯುತ್ತದೆ. ರಾಗಿ ಅಂಬಲಿ ಬಿಡಬೇಡ. ಮೆಟ್ಟಿಲು ಇಳಿಯುವಾಗ ಅವಸರ ಬೇಡ, ಎಡಮಗ್ಗುಲಿಗೆ ಮಲಗು. ಪ್ರಣವನಿಗೆ ನನ್ನ ಆಶೀರ್ವಾದ ಹೇಳು, ನಿಮ್ಮ ಅತ್ತೆ ಸಾವಿತ್ರಿಬಾಯಿಯವರಿಗೆ ನಮಸ್ಕಾರ ತಿಳಿಸು. ಹೊಟ್ಟೆಯೊಳಗಿನ ಜೀವ ಗಟ್ಟಿಯಾಗಿ ಒದೆಯಲಿ, ನಿನಗೆ ಒಳ್ಳೆಯ ನಿದ್ದೆ ಬರಲಿ, ಇಬ್ಬರೂ ಸುಖವಾಗಿ ಬೇರೆಬೇರೆಯಾಗಿ ನನ್ನ ಕಣ್ಣಿಗೆ ಬೀಳಿ.

ನಿನ್ನ ಅವ್ವ
ಅಂಬಾ

ತಾ.ಕ.: ಕೊನೆಗೆ ಕೇಳುತ್ತೇನೆ ಎಂದವಳು ಕೇಳದೆ ಸಹಿ ಮಾಡಿಬಿಟ್ಟೆ. ಉತ್ತರ ನನಗೆ ಗೊತ್ತಿದೆ ರೇಣು. ಕುಬಸದ ಉಡಿ ನೀವೇ ತುಂಬ್ರಿ, ಅವ್ವಗ ಈಗ ಹೇಳಬ್ಯಾಡ್ರಿ ಎಂದು ನೀನು ನೀಲಿಮಾ ಕಾಕುಗೆ ಫೋನು ಮಾಡಿದ್ದನ್ನು ಅವಳು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಮೊನ್ನೆ ನನ್ನ ಮುಂದೆ ಹೇಳಿ ಅತ್ತಳು. ನಿನ್ನ ಅತ್ತೆಯ ಮನೆಯವರು ಹಾಗೆ ಅಂದಿರಬೇಕು, ನೀನಾದರೂ ಏನು ಮಾಡೀಯೆ ಎಂದು ಆ ದಿನ ಸಮಾಧಾನದಿಂದಲೇ ಇದ್ದೆ. ನಿನ್ನೆ ಸಾವಿತ್ರಿಬಾಯಿಯವರೇ ಫೋನು ಮಾಡಿದರು. “ಬೀಗತೇರ, ಉಡಿ ನೀವೇ ತುಂಬಬೇಕು. ನಮ್ಮ ಮನ್ಯಾಗ ಯಾರದೂ ಅಡ್ಡಿ ಇಲ್ಲ. ರೇಣುಗ ನೀವೊಂದು ಮಾತು ಹೇಳ್ರಿ, ಆಕಿ ಕೇಳವಲ್ಲಳು” ಅಂದರು. ಹೋದ ವರ್ಷ ನಿನ್ನ ಮೊದಲನೆಯ ಬಸಿರು ಉಳಿಯಲಿಲ್ಲ. ಈ ಸಲ ನೀನು ಪ್ರತಿಯೊಂದಕ್ಕೂ ಹೆದರುತ್ತೀ ಎಂದು ನನಗೆ ಗೊತ್ತಿತ್ತು. ನೀನು ಹೆದರುವವುಗಳಲ್ಲಿ ಉಡಿ ತುಂಬುವ ನನ್ನ ಕೈಯೂ ಸೇರಿದೆ ಎಂದು ಗೊತ್ತಿರಲಿಲ್ಲ. ನಾನು ನಿನಗೆ ಯಾವ ಮಾತೂ ಹೇಳುವುದಿಲ್ಲ, ನೀಲಿಮಾನೇ ತುಂಬಲಿ. ಆ ಹೊತ್ತಿನಲ್ಲಿ ನಾನು ಎಲ್ಲಿರಬೇಕು, ಪೆಂಡಾಲಿನಲ್ಲೋ ಒಳಗಿನ ಕೋಣೆಯಲ್ಲೋ, ಅದನ್ನು ಮಾತ್ರ ಯಾರ ಕೈಯಲ್ಲೂ ಹೇಳಿಸಬೇಡ. ನೀನೇ ಬರಿ.