ನಾನೇ ಟಿಕ್ ತೆಗೆದ ಚೌಕ

ಕಾರ್ಮಿಕ ಸಂಘದ ಕಚೇರಿ,
ಭಾನುವಾರ, ಮಾರ್ಚ್ ೯

ನನ್ನ ಕಿಡಿಗೆ,

ಹೇಗಿದ್ದೀಯ ಮಗಳೇ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಬೊಕ್ಕೆ ಎದ್ದಿದೆ ಎಂದಿದ್ದೆಯಲ್ಲ, ವಾಸಿಯಾಯಿತೆ? ಊಟ ಬಿಟ್ಟು ಕೆಲಸ ಮಾಡಬೇಡ. ಇಷ್ಟು ದೊಡ್ಡ ಹಡಗಿಗೆ ನೀನೊಬ್ಬಳೇ ಎಲೆಕ್ಟ್ರಿಷಿಯನ್ ಎಂದು ಅವರು ಹೊಗಳಿದರೆ ಉಬ್ಬಬೇಡ, ಇನ್ನೊಬ್ಬರನ್ನು ನೇಮಿಸದೆ ನಿನ್ನಿಂದಲೇ ಎರಡಾಳಿನ ಕೆಲಸ ತೆಗೆಯುವ ಉಪಾಯ ಅದು. ನಾನು ಗಟ್ಟಿಯಾಗಿದ್ದೇನೆ. ನಿನ್ನಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಬಾಯಿಯೂ ನೆಟ್ಟಗಿದೆ, ಆದರೆ ನನ್ನೊಡನೆ ಮಾತ್ರ ಆಡುತ್ತಿಲ್ಲ. ತಟ್ಟೆ ತಂದು ಕುಕ್ಕುತ್ತಾಳೆ, ಹೋಗುತ್ತಾಳೆ. ಯಾಕೆ ಎಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ನೀನು ಕರೆ ಮಾಡಿದಾಗಲೆಲ್ಲ ಹೇಳಲು ಬಾಯಿ ತೆರೆದು, ಅಲ್ಲಿ ಅಲೆ ಜೋರಿದೆಯಾ ಎಂದು ಕೇಳಿ ಇಟ್ಟುಬಿಟ್ಟೆ. ಸಾವಿರ ಜನರ ಮುಂದೆ ಗಂಟೆಗಟ್ಟಲೆ ಕೂಗಿದ ಗಂಟಲಿಗೆ ಮಗಳ ಮುಂದೆ ದನಿ ಬರಲಿಲ್ಲ.

ಸಂಘದ ಹಳೆಯ ಕಂಪ್ಯೂಟರ್ ಕಣ್ಣುಮುಚ್ಚಿದ್ದು ನಿನಗೆ ಗೊತ್ತು. ನಿನ್ನ ಗಂಡ ತಾನು ದುಡಿಯುವ ಕಂಪ್ಯೂಟರ್ ಸರ್ವಿಸ್ ಕಂಪನಿಯ ಮೂಲಕ ಒಂದು ಹೊಸ ಲ್ಯಾಪ್‌ಟಾಪ್ ಕೊಡಿಸಿದ. ಅದರಲ್ಲಿ ವಿಂಡೋಸ್ ಇತ್ತು. ನನಗೆ ಬೇಕಿದ್ದದ್ದು ಲಿನಕ್ಸ್, ಕಂಪ್ಯೂಟರನ್ನು ನಡೆಸುವ ಇನ್ನೊಂದು ತಂತ್ರಾಂಶ. ಅದು ಯಾರಪ್ಪನ ಆಸ್ತಿಯೂ ಅಲ್ಲ. ನೂರಾರು ಊರಿನ ಜನ ಸೇರಿ ಕಟ್ಟಿದ್ದು, ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದಕ್ಕಿಂತ ದೊಡ್ಡ ಸಂಘ ಎಲ್ಲಿದೆ ಹೇಳು! ಆದರೆ ನಮ್ಮ ಖಜಾಂಚಿ ಅಕ್ಕ, ಅದೇ ಹೊಲಿಗೆಯವಳು, ಅವಳ ಲೆಕ್ಕದ ಪ್ರೋಗ್ರಾಂ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. “ಅಣ್ಣಾ, ಕ್ರಾಂತಿ ನೀವು ಮಾಡ್ಕೊಳ್ಳಿ, ನನ್ನ ವಿಂಡೋಸ್ ಮಾತ್ರ ಮುಟ್ಟಬೇಡಿ” ಎಂದಳು. ಸರಿ, ಒಂದೇ ಯಂತ್ರದಲ್ಲಿ ಎರಡೂ ಇರಲಿ, ಆನ್ ಮಾಡಿದಾಗ ಬೇಕಾದ್ದನ್ನು ಆರಿಸಿಕೊಳ್ಳೋಣ ಎಂದು ತೀರ್ಮಾನವಾಯಿತು. ನಿನ್ನ ಗಂಡ, “ಮಾವ, ನಾನೇ ಕೂತು ಹಾಕಿಕೊಡ್ತೀನಿ ಬಿಡಿ” ಎಂದ. ಬೇಡ ಎಂದೆ. ಆಯುಸ್ಸೆಲ್ಲ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದ ಫಿಟ್ಟರ್ ನಾನು, ನನಗೆ ಇವನು ಕೈಹಿಡಿದು ಅಕ್ಷರ ತಿದ್ದಿಸುವುದೆ? ಜಂಬ, ಕಿಡಿ. ಅದಕ್ಕೆ ಬೇರೆ ಹೆಸರಿಲ್ಲ.

ಹಾಕುವಾಗ ಡಿಸ್ಕನ್ನು ಎರಡು ಪಾಲು ಮಾಡುವ ಜಾಗದಲ್ಲಿ ಎರಡೆರಡು ಸಲ ಓದಿ ಗುಂಡಿ ಒತ್ತಿದೆ. ಅಕ್ಕನ ಲೆಕ್ಕ ಅಳಿಸಿಹೋದರೆ ಅವಳು ಕತ್ತರಿ ಹಿಡಿದೇ ಬರುತ್ತಿದ್ದಳು. ಅದು ಸುಸೂತ್ರವಾಗಿ ದಾಟಿತು. ಆಮೇಲೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ವೈ-ಫೈ, ಸ್ಪೀಕರ್ ಇಂಥವುಗಳಿಗೆ ಅವುಗಳನ್ನು ತಯಾರಿಸಿದ ಕಂಪನಿಗಳು ಕೊಡುವ, ಯಾರೂ ಬಿಚ್ಚಿ ನೋಡಲಾಗದ ಮುಚ್ಚಿದ ತಂತ್ರಾಂಶವನ್ನೂ ಸೇರಿಸಲೇ ಎಂದು. ಪಕ್ಕದ ಪುಟ್ಟ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿತ್ತು. ಮುಚ್ಚಿದ್ದು? ಕಂಪನಿಯದ್ದು? ನಮ್ಮ ಯಂತ್ರದಲ್ಲಿ? ಬಾಗಿಲಲ್ಲಿ ಬೇಡ ಎಂದವರನ್ನು ಕಿಟಕಿಯಿಂದ ಒಳಗೆ ಬಿಟ್ಟ ಹಾಗಾಯಿತಲ್ಲ ಎಂದುಕೊಂಡು ಆ ಟಿಕ್ ತೆಗೆದೆ. ಎದೆ ಸೆಟೆಸಿ ತೆಗೆದೆ ಮಗಳೇ. ಮುಷ್ಕರದ ದಿನ ಗೇಟಿಗೆ ಬೀಗ ಹಾಕಿದಷ್ಟು ಖುಷಿಯಾಯಿತು. ಖುಷಿಯಲ್ಲಿ ಟೀ ಕುಡಿದೆ, ಆ ಚೌಕವನ್ನು ಮರೆತೆ. ಸಂಜೆ ನೋಡಿದರೆ ವೈ-ಫೈ ಇಲ್ಲ. ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ, ಹುಡುಕುವ ಗುಂಡಿಯೇ ಇಲ್ಲ. ಸ್ಪೀಕರಿನಿಂದ ಕಮಕ್ ಕಿಮಕ್ ಇಲ್ಲ. ಆರಿಸಿ ವಿಂಡೋಸಿಗೆ ಹೋದೆ, ವೈ-ಫೈ, ಸ್ಪೀಕರ್ ಎರಡೂ ರಾಜನ ಹಾಗೆ ಓಡಿದವು. ಲಿನಕ್ಸಿಗೆ ಬಂದೆ, ಮತ್ತೆ ಮಣ್ಣು. ನನ್ನ ತಲೆಗೆ ಹೊಳೆದದ್ದು ಒಂದೇ. ಅವರದರಲ್ಲಿ ನಡೆಯುತ್ತದೆ, ನಮ್ಮದರಲ್ಲಿ ನಡೆಯುವುದಿಲ್ಲ. ಹಾಗಾದರೆ ಯಾರೋ ಬೇಕೆಂದೇ ಕಟ್ಟಿಹಾಕಿದ್ದಾರೆ.

ಮರುದಿನ ಸಭೆ. ಬೇರೆ ಊರುಗಳ ಶಾಖೆಯವರು ಆ ಯಂತ್ರದ ಮೂಲಕ ನಮ್ಮೊಡನೆ ಕೂಡಬೇಕಿತ್ತು. ಕಚೇರಿ ತುಂಬಿತ್ತು, ಮೆಟ್ಟಿಲ ಮೇಲೂ ಜನ. ನಿನ್ನ ಗಂಡ ತನ್ನ ಕಂಪನಿಯ ಇಬ್ಬರು ಸಂಗಡಿಗರನ್ನು ಮೊದಲ ಸಲ ಕರೆತಂದಿದ್ದ. ಅಲ್ಲಿ ಅವನು ಸದ್ದಿಲ್ಲದೆ ಸಂಘ ಕಟ್ಟುತ್ತಿರುವುದು, ಒಬ್ಬೊಬ್ಬರನ್ನೇ ಟೀ ಅಂಗಡಿಯಲ್ಲಿ ಕೂರಿಸಿ ಭಯ ಬಿಡಿಸುತ್ತಿರುವುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆ ಇಬ್ಬರು ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ, ಎದ್ದು ಓಡಲು ಅನುಕೂಲವಾಗುವ ಹಾಗೆ ಕೂತಿದ್ದರು. ನಾನು ಗುಂಡಿ ಒತ್ತಿದೆ, ಕುಟ್ಟಿದೆ, ಬೈದೆ. ಪರದೆ ನನ್ನನ್ನು ಪಿಳಿಪಿಳಿ ನೋಡಿತು. ಹಿಂದಿನಿಂದ ಯಾರೋ “ಅಣ್ಣನ ಲಿನಕ್ಸೂ ಮುಷ್ಕರ ಹೂಡಿದೆ ಕಣ್ರೋ” ಎಂದರು, ಕಚೇರಿಯೆಲ್ಲ ನಕ್ಕಿತು. ನಿನ್ನ ಗಂಡ ಹತ್ತಿರ ಬಂದು ಮೆಲ್ಲಗೆ, “ಮಾವ, ಹಾಕುವಾಗ ಒಂದು ಟಿಕ್ ಕೇಳುತ್ತಲ್ಲ, ಅದನ್ನ ತೆಗೆದ್ರಾ? ಇರಲಿ ಬಿಡಿ, ಸದ್ಯಕ್ಕೆ ನನ್ನ ಫೋನಿಂದ ಕೇಬಲ್ ಹಾಕಿ ನೆಟ್ ಕೊಡ್ತೀನಿ, ಸಭೆ ನಡೀಲಿ” ಎಂದ. ನಕ್ಕವರ ಮುಂದೆ ಅವನು ನನ್ನ ಮಾನ ಮುಚ್ಚಲು ಬಂದಿದ್ದ. ನಾನು ಅದನ್ನು ನನಗೆಷ್ಟು ಗೊತ್ತು ಎಂದು ಜನರೆದುರು ಅಳೆಯುವ ಪರೀಕ್ಷೆ ಎಂದುಕೊಂಡೆ. ಮೈಕು ಕೈಯಲ್ಲೇ ಇತ್ತು.

ಏನು ಹೇಳಿದೆ ಎಂದು ಬರೆಯಲೇಬೇಕು, ಬರೆಯದಿದ್ದರೆ ಈ ಕಾಗದವೂ ಸುಳ್ಳು. “ಈ ಯಂತ್ರವನ್ನು ಕಟ್ಟಿಹಾಕಿ ಕೊಟ್ಟಿದ್ದಾರೆ. ಕೊಟ್ಟವರು ಯಾರು? ಇಲ್ಲೇ ನಿಂತಿದ್ದಾರೆ. ಸಂಬಳ ಅಲ್ಲಿಂದ, ಘೋಷಣೆ ಇಲ್ಲಿಂದ. ಕಂಪನಿಯ ಕಿವಿ ನನ್ನ ಮನೆಯೊಳಗೇ ಅಳಿಯನಾಗಿ ಬಂದು ಕೂತಿದ್ದರೂ ನಾನು ಎಳೆದು ತೋರಿಸುತ್ತೇನೆ, ನನಗೆ ನೆಂಟಸ್ತಿಕೆ ದೊಡ್ಡದಲ್ಲ!” ಚಪ್ಪಾಳೆ ಬಿತ್ತು ಕಿಡಿ. ಅಳಿಯನನ್ನೂ ಬಿಡದ ನಾಯಕ ಎಂದು ಬಿತ್ತು. ಅವನು ಕೇಬಲ್ ಸುತ್ತಿ ಜೇಬಿಗಿಟ್ಟುಕೊಂಡ. ಮೆಟ್ಟಿಲ ಮೇಲಿನ ಜನರನ್ನು ದಾಟಿ ಹೊರಟುಹೋದ. ನಾನು ತಲೆಯೆತ್ತಿ ನೋಡುವಾಗ ಬಾಗಿಲ ಪಕ್ಕದ ಬೆಂಚು ಖಾಲಿ.

ಅವನು ಹೋದ ಮೇಲೆ ಹಟಕ್ಕೆ ಬಿದ್ದು ಯಂತ್ರದ ಮುಂದೆ ಕೂತೆ. ಕಂಪನಿಯ ಕುತಂತ್ರವನ್ನು ಸಾಕ್ಷಿ ಸಮೇತ ಹಿಡಿಯಬೇಕಿತ್ತಲ್ಲ! ಯಂತ್ರಕ್ಕೆ ಆದೇಶ ಬರೆಯುವ ಕಪ್ಪು ಕಿಟಕಿಯನ್ನು ಪರದೆಯ ಮೇಲೆ ತೆರೆದು, ಅಕ್ಕನ ಫೋನಿನಲ್ಲಿ ಓದಿ ಕಲಿತು, ಒಂದೊಂದೇ ಆದೇಶ ಹೊಡೆದೆ. ಯಂತ್ರದಲ್ಲಿ ಏನೇನು ಕೂತಿದೆ ಎಂದು ಕೇಳಿದರೆ ವೈ-ಫೈ ಕಾರ್ಡಿನ ಹೆಸರು ನೆಟ್ಟಗೆ ಬಂತು. ಸ್ಪೀಕರಿನದೂ ಬಂತು. ಅಂದರೆ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ, ಕಾರ್ಡು ಸತ್ತಿರಲಿಲ್ಲ. ಮತ್ತೆ ಯಾಕೆ ಏಳುತ್ತಿಲ್ಲ ಎಂದು ಆನ್ ಆದಾಗಿನಿಂದ ನಡೆದದ್ದನ್ನೆಲ್ಲ ತೋರಿಸೆಂದೆ. ಉದ್ದಕ್ಕೆ ಸಾಲುಗಳು. ನಡುವೆ ಒಂದು ಸಾಲು ಹೀಗಿತ್ತು: ಸಾಧನ ಸಿಕ್ಕಿತು, ಅದಕ್ಕೆ ಬೇಕಾದ ಫರ್ಮ್‌ವೇರ್ ಸಿಗಲಿಲ್ಲ. ಫರ್ಮ್‌ವೇರ್ ಎಂದರೆ ಕಾರ್ಡನ್ನು ಎಬ್ಬಿಸುವ ಪುಟ್ಟ ತಂತ್ರಾಂಶ. ಅದೇ ಆ ಚೌಕದಲ್ಲಿದ್ದದ್ದು. ಕಂಪನಿ ಕಟ್ಟಿಹಾಕಿದ್ದಲ್ಲ, ನಿನ್ನ ಗಂಡ ಕಟ್ಟಿಹಾಕಿದ್ದಲ್ಲ, ನಾನೇ ಬೀಗ ಜಡಿದು ಬೀಗದ ಕೈಯನ್ನು ಹೊರಗೆಸೆದಿದ್ದೆ. ವಿಂಡೋಸಿಗೆ ಹೋಗಿ ಆ ಫೈಲುಗಳನ್ನು ಪೆನ್‌ಡ್ರೈವಿಗೆ ಇಳಿಸಿ, ಈಚೆ ತಂದು ಹಾಕಿ, ಯಂತ್ರ ಆರಿಸಿ ಹೊತ್ತಿಸಿದೆ. ವೈ-ಫೈ ಪಟ್ಟಿ ಪಟಪಟ ಬಿಚ್ಚಿಕೊಂಡಿತು. ಸ್ಪೀಕರ್ ಟಣ್ ಎಂದಿತು. ಆ ಟಣ್ ನನ್ನ ಕೆನ್ನೆಗೇ ಬಿತ್ತು. ಡಿಪೋದಲ್ಲಿ ಬಾನೆಟ್ ಎತ್ತದೆ ಡ್ರೈವರನ್ನು ದೂರುವ ಮ್ಯಾನೇಜರನ್ನು ನಾವು ಹೇಗೆ ಬಡಿಯುತ್ತಿದ್ದೆವು! ಕೊನೆಗೆ ಆ ಮ್ಯಾನೇಜರು ನನ್ನ ಚರ್ಮದೊಳಗೇ ಇದ್ದ.

ಇದು ಇಲ್ಲಿಗೆ ಮುಗಿದಿದ್ದರೆ ಇಷ್ಟು ನಾಚುತ್ತಿರಲಿಲ್ಲ. ತಪ್ಪು ಯಾರು ಮಾಡುವುದಿಲ್ಲ? ಮುಂದಿನ ಸಭೆಯಲ್ಲಿ ಮೈಕು ಹಿಡಿದೆ. ಹೇಳಬೇಕಾದ್ದು ಒಂದೇ ಮಾತು. ನಾನು ಹೇಳಿದ್ದು ಏನು ಗೊತ್ತೆ? “ಯಂತ್ರದಲ್ಲಿ ಕಂಡುಬಂದಿದ್ದ ತಾಂತ್ರಿಕ ದೋಷವನ್ನು ಸರಿಪಡಿಸಲಾಗಿದೆ.” ನೌಕರನ ಕೈ ಯಂತ್ರಕ್ಕೆ ಸಿಕ್ಕಿ ಹೋದಾಗ ಮಾಲೀಕರು ನೋಟಿಸ್ ಬೋರ್ಡಿಗೆ ಅಂಟಿಸುವ ಭಾಷೆ ಅದು. ಅಂಥ ನೋಟಿಸುಗಳನ್ನು ಹರಿದು ಬೀದಿಯಲ್ಲಿ ಸುಟ್ಟವನು ನಾನು. ನಿನ್ನ ಗಂಡ ಬಂದಿರಲಿಲ್ಲ. ಖಜಾಂಚಿ ಅಕ್ಕ ಮಾತ್ರ ಕನ್ನಡಕದ ಮೇಲಿನಿಂದ ನೋಡಿ, “ದೋಷ ಎಲ್ಲಿತ್ತಣ್ಣಾ, ಯಂತ್ರದ ಒಳಗಾ, ಹೊರಗಾ?” ಎಂದಳು. ಮುಂದಿನ ವಿಷಯಕ್ಕೆ ಹೋದೆ.

ನಿನ್ನಮ್ಮ ಅಳಿಯನ ಮನೆಗೆ ಹೋಗಿ ಬಂದ ದಿನವೇ ನನ್ನೊಡನೆ ಮಾತು ಬಿಟ್ಟದ್ದು. ಬಿಡುವ ಮುಂಚೆ ಆಡಿದ್ದು ಇಷ್ಟು: “ರೀ, ಆ ಇಬ್ಬರು ಹೋಗಿ ಎಲ್ಲರಿಗೂ ಹೇಳಿದ್ದಾರೆ. ಈಗ ಕ್ಯಾಂಟೀನಿಗೆ ಅವನು ಬಂದ್ರೆ ಮಾತು ನಿಲ್ಲುತ್ತಂತೆ. ಅವನ ಮೇಜಲ್ಲಿ ಯಾರೂ ಕೂರಲ್ವಂತೆ. ಹೆತ್ತ ಮಗಳನ್ನ ಕೊಟ್ಟ ಮಾವನೇ ಹೇಳಿದ ಮೇಲೆ ಇನ್ನೇನು ಅಂತಾರಂತೆ. ಇಷ್ಟಾದ್ರೂ ಅವನು ಹುಡುಗಿಗೆ ಒಂದು ಮಾತು ಹೇಳಿಲ್ಲ, ಅಲ್ಲಿ ಒಬ್ಬಳೇ ಇದ್ದಾಳೆ, ಅಪ್ಪನ ಮೇಲೆ ಬೇಜಾರಾಗ್ತಾಳೆ ಅಂತ. ಮನುಷ್ಯ ಅಂದ್ರೆ ಅವನು. ನೀವು ಭಾಷಣ.” ಬೇರೆಯವರು ಬೇಹುಗಾರ ಎಂದಿದ್ದರೆ ಗಾಳಿಮಾತು ಎಂದು ಹಾರಿಹೋಗುತ್ತಿತ್ತು. ನನ್ನ ಬಾಯಿಂದ ಬಂದದ್ದು ತೀರ್ಪು. ಅವನು ಬೆವರು ಸುರಿಸಿ ಕಟ್ಟುತ್ತಿದ್ದ ಸಂಘಕ್ಕೆ ಮಾಲೀಕ ಕೊಡಲಿ ಹಾಕುವ ಮೊದಲೇ ನಾನು ಹಾಕಿದೆ.

ಇವತ್ತಿನ ಸಭೆಯಲ್ಲಿ ಹೇಳಿದೆ ಮಗಳೇ. ನಾನು ಟಿಕ್ ತೆಗೆದೆ, ನಾನು ಸುಳ್ಳು ಆಪಾದಿಸಿದೆ, ಸತ್ಯ ಗೊತ್ತಾದ ಮೇಲೂ ನುಂಗಿಕೊಂಡೆ ಎಂದು ಮೂರನ್ನೂ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದು ಸರಿಯೇ. ಆದರೆ ಕೇಳಬೇಕಾದ ಆ ಇಬ್ಬರು ಇಲ್ಲಿಗೆ ಇನ್ನೆಂದೂ ಬರುವುದಿಲ್ಲ. ಅದಕ್ಕೆ ನಾಳೆ ಅವನ ಕಂಪನಿಯ ಗೇಟಿಗೇ ಮೈಕು ಹೊತ್ತು ಹೋಗುತ್ತೇನೆ. ಪಾಳಿ ಬಿಡುವ ಹೊತ್ತಿಗೆ ನಿಂತು, ಎಲ್ಲರ ಮುಂದೆ, ಎಷ್ಟು ಜೋರಾಗಿ ಹಳಿದೆನೋ ಅಷ್ಟೇ ಜೋರಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮೈ ಕಡೆ ಗಮನ ಇರಲಿ. ಕರೆಂಟಿನ ಕೆಲಸ, ಅವಸರ ಮಾಡಬೇಡ. ನಿನ್ನಮ್ಮನ ಆಶೀರ್ವಾದವನ್ನು ಅವಳನ್ನು ಕೇಳದೆಯೇ ಸೇರಿಸಿದ್ದೇನೆ, ನಿನಗಾದರೆ ಬೇಡ ಎನ್ನುವುದಿಲ್ಲ. ನನ್ನದನ್ನು ಕಳಿಸುವ ಯೋಗ್ಯತೆ ಇದೆಯೋ ಇಲ್ಲವೋ, ಕಳಿಸುತ್ತಿದ್ದೇನೆ.

ತಲೆ ತಗ್ಗಿಸಿ,
ನಿನ್ನ ಅಪ್ಪ

ತಾ.ಕ.: ಗೇಟಿಗೆ ಹೋಗುವುದಿಲ್ಲ. ಲಕೋಟೆ ಅಂಟಿಸುವ ಮುಂಚೆ ಅವನಿಗೆ ಫೋನ್ ಮಾಡಿದೆ. “ಬೇಡ ಮಾವ, ದಮ್ಮಯ್ಯ. ಗೇಟಲ್ಲಿ ನನ್ನ ಹೆಸರು ಕೂಗಿದ್ರೆ ಸಂಘ ಕಟ್ತಿರೋನು ನಾನೇ ಅಂತ ಮ್ಯಾನೇಜರಿಗೆ ಗೊತ್ತಾಗುತ್ತೆ, ಕೆಲಸಾನೂ ಹೋಗುತ್ತೆ” ಎಂದ. ಅಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ, ನೋಡು. ನನ್ನ ಪಶ್ಚಾತ್ತಾಪಕ್ಕೂ ಜನ ಬೇಕಿತ್ತು. ಅವನಿಂದಲೇ ವಿಳಾಸ ಕೇಳಿಕೊಂಡು ಈಗ ಆ ಇಬ್ಬರಲ್ಲಿ ಒಬ್ಬರ ಮನೆಗೆ ಹೋಗಿ ಬಂದೆ. ಗಂಡಸಿನ ಚಪ್ಪಲಿ ಹೊರಗಿತ್ತು, ಹೆಂಡತಿ ಬಾಗಿಲು ಅರ್ಧ ತೆಗೆದು “ಅವ್ರಿಲ್ಲ” ಎಂದು ಮುಚ್ಚಿಕೊಂಡರು. ಮುಚ್ಚಿದ ಬಾಗಿಲಿಗೇ ಹೇಳಿದೆ, ನಾನು ಹೇಳಿದ್ದು ಸುಳ್ಳು, ಅವನು ನಿಮ್ಮವನೇ ಎಂದು. ನೀನು ನನ್ನ ಪರವಾಗಿ ನಿನ್ನ ಗಂಡನ ಹತ್ತಿರ ಒಂದು ಮಾತೂ ಆಡಬೇಡ, ಅವನ ಸಿಟ್ಟು ಅವನ ಹಕ್ಕು. ಆ ಬಾಗಿಲ ಮುಂದೆ ನಾನು ಮಾತಾಡುತ್ತಿದ್ದಾಗ ಒಳಗೆ ಟಿ.ವಿ. ಸದ್ದು ಕಡಿಮೆಯಾಯಿತು. ಬಾಗಿಲು ತೆಗೆಯಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ.